ಮೂವತ್ತು ಮೀಟರಿನ ಚೌಕಾಸಿ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಯಮಲೂರು, ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಎಲ್ಲರೂ ಮಳೆಯನ್ನು ಬೈದರು. ಆದರೆ ಆ ನೀರು ದಾರಿ ತಪ್ಪಿ ಬಂದದ್ದಲ್ಲ. ಮೇಲಿನ ಕೆರೆ ಕೋಡಿ ಬಿದ್ದಾಗ ಕೆಳಗಿನ ಕೆರೆಗೆ ಇಳಿಯುವ ಹಳೆಯ ಹಾದಿಯನ್ನೇ ಅದು ಹಿಡಿದಿತ್ತು. ಆ ಹಾದಿಗೆ ಅಡ್ಡ ನಿಂತ ಕಟ್ಟಡಗಳಲ್ಲಿ ಕೆಲವಕ್ಕೆ ಮಂಜೂರಾದ ನಕ್ಷೆಯೂ ಇತ್ತು.

ನೀರಿನ ಜಾಗದಲ್ಲಿ ಕಟ್ಟುವ ಈ ಚಾಳಿಗೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಸರ್ಕಾರವೇ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಉಳಿದ ಕೆರೆಗಳನ್ನಾದರೂ ಕಾಪಾಡಿ ಎಂದು 1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ ಹೇಳಿತು. ಇತ್ತ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಸೇರಿದ 14-ಎ ಕಲಮು ಭೂಬಳಕೆ ಬದಲಾವಣೆಗೆ ದಾರಿ ಮಾಡಿತು. ನಕ್ಷೆಯಲ್ಲಿ ಹಸಿರಿದ್ದ ಜಾಗ ಒಂದೊಂದೇ ಅರ್ಜಿಯ ಮೇಲೆ ಹಳದಿ, ಅಂದರೆ ವಸತಿ ಪ್ರದೇಶ, ಆಗಬಹುದಿತ್ತು.

2007ರಲ್ಲಿ ಜಾರಿಗೆ ಬಂದ ನಗರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್, ಮಳೆನೀರು ಹರಿಯುವ ರಾಜಕಾಲುವೆಗಳಿಗೆ ದರ್ಜೆಯ ಪ್ರಕಾರ 50, 25, 15 ಮೀಟರ್ ಬಫರ್ ವಲಯ, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ, ಇಟ್ಟಿತು. ಕಾಲುವೆಯ ಅಳತೆ ಮಾತ್ರ ನಡುಮಧ್ಯದಿಂದ! 50 ಮೀಟರ್ ದರ್ಜೆಯ ಕಾಲುವೆ 20 ಮೀಟರ್ ಅಗಲವಿದ್ದರೆ ಆ ಐವತ್ತರಲ್ಲಿ ಹತ್ತು ಮೀಟರ್ ನೀರಿನಲ್ಲೇ ಮುಗಿಯುತ್ತದೆ. ದಡದಲ್ಲಿ ಉಳಿಯುವುದು ನಲವತ್ತು. ಬಿಟ್ಟ ಬಫರನ್ನು ಬಡಾವಣೆಯ ಉದ್ಯಾನದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಅವಕಾಶವೂ ಇತ್ತು. ಒಂದೇ ಜಾಗಕ್ಕೆ ಎರಡು ಪುಣ್ಯ.

ಬೆಳ್ಳಂದೂರು ಮತ್ತು ಅಗರ ಕೆರೆಗಳ ನಡುವಿನ ಬೃಹತ್ ನಿರ್ಮಾಣದ ವ್ಯಾಜ್ಯದಲ್ಲಿ 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಎಂದು ಆದೇಶಿಸಿತು. ಅಳತೆಯನ್ನೂ ಅಂಚಿನಿಂದ ಮಾಡಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ರದ್ದುಪಡಿಸಿತು. ಶಾಸನಬದ್ಧ ಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲ ಎಂಬುದು ಕಾರಣ. ಕಾನೂನಿನ ಮಾತಾಗಿ ಅದು ಸರಿ ಎಂದೇ ನನಗೂ ಅನಿಸುತ್ತದೆ. ಆದರೆ ಹಳೆಯ ಮೀಟರುಗಳು ನೀರಿಗೆ ಸಾಲುತ್ತವೆಯೇ ಎಂಬ ಪ್ರಶ್ನೆ ಅಲ್ಲಿಗೇ ಬಿದ್ದುಹೋಯಿತು.

ನಡುವೆ, 2016ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಅವನಿ ಶೃಂಗೇರಿ ನಗರ ಬಡಾವಣೆಯಲ್ಲಿ ಜೆಸಿಬಿಗಳು ಕಾಲುವೆ ಒತ್ತುವರಿ ತೆರವಿಗೆ ಬಂದವು. ನಿವಾಸಿಗಳು ಖಾತೆ, ಕಂದಾಯ ರಸೀದಿ, ಮಂಜೂರಾದ ನಕ್ಷೆಗಳನ್ನು ಹಿಡಿದು ಬಾಗಿಲಲ್ಲಿ ನಿಂತರು. ಮನೆ ಬಿತ್ತು, ರುಜು ಹಾಕಿದ ಕೈಗಳಿಗೆ ಅಷ್ಟು ಪೆಟ್ಟು ಬಿದ್ದಂತೆ ಕಾಣಲಿಲ್ಲ.

2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿದ ಕೆರೆ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಮಸೂದೆ, ಪ್ರತಿ ಅರ್ಜಿಗೂ ವಿನಾಯಿತಿ ಕೇಳುವ ತಾಪತ್ರಯವನ್ನೇ ಕಡಿಮೆ ಮಾಡಹೊರಟಿತು. ನೂರು ಎಕರೆ ಮೀರಿದ ಕೆರೆಗೆ ಮಾತ್ರ 30 ಮೀಟರ್. ಕೆರೆ ಕಿರಿದಾದಂತೆ 24, 12, 6, 3. ಐದು ಗುಂಟೆಯವರೆಗಿನ ಕಟ್ಟೆಗೆ ಸೊನ್ನೆ. ಸಣ್ಣ ಕೆರೆಗೆ ದೊಡ್ಡ ಬಫರ್ ಏಕೆ ಎಂಬ ವಾದ ಕೇಳಲು ಚೆನ್ನಾಗಿದೆ. ಬೆಂಗಳೂರಿನ ಕೆರೆಗಳು ಸರಪಳಿಯ ಕೊಂಡಿಗಳಾಗಿರದಿದ್ದರೆ ಒಪ್ಪಲೂಬಹುದಿತ್ತು. ಐದು ಗುಂಟೆಯೆಂದರೆ 5,445 ಚದರ ಅಡಿ, ಮೂವತ್ತು ನಲವತ್ತರ ನಾಲ್ಕೂವರೆ ನಿವೇಶನ. ಆ ಪಟ್ಟಿಯ ಪ್ರಕಾರ ಅಂಥ ಕಟ್ಟೆಯ ಅಂಚಿಗೇ ಗೋಡೆ ಎಬ್ಬಿಸಬಹುದು. ಕಟ್ಟೆ ತುಂಬಿದ ರಾತ್ರಿ ನೀರು ಕೆಳಗಿನ ಕೆರೆಯತ್ತ ಹೊರಟರೆ ಮೊದಲು ಸಿಗುವುದು ಆ ಗೋಡೆ.