ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟದಿದ್ರೆ ಕಾನೂನು ಪ್ರಕಾರ ಏನಾಗುತ್ತೆ: ನೋಟ್ಸ್, ಮೂರು ವರ್ಷದ ಲೆಕ್ಕದ ಸಮೇತ

ಜೈಲಿನ ವಿಷಯ ಮೊದಲು ಮುಗಿಸೋಣ. ಬಿಲ್ ಕಟ್ಟದೇ ಇರೋದು ಸಿವಿಲ್ ವಿಷಯ, ಅದೊಂದಕ್ಕೇ ಪೊಲೀಸ್ನೋರು ಹಿಡ್ಕೊಂಡು ಹೋಗೋ ಹಾಗಿಲ್ಲ. ಆದ್ರೆ ಬಾಕಿಗೆ ಅಂತ ಕೊಟ್ಟ ಚೆಕ್ ಬೌನ್ಸ್ ಆದ್ರೆ ಎನ್‌ಐ ಆಕ್ಟ್ (ಚೆಕ್ ಬಗ್ಗೆ ಇರೋ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) ಸೆಕ್ಷನ್ 138, ಖಾತೇಲಿ ದುಡ್ಡಿಲ್ದೆ ಆಟೋ ಡೆಬಿಟ್ ಬೌನ್ಸ್ ಆದ್ರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಆಕ್ಟ್ ಸೆಕ್ಷನ್ 25, ಇವೆರಡೂ ಕ್ರಿಮಿನಲ್. 2 ವರ್ಷದ ತನಕ ಜೈಲು, ಇಲ್ಲಾ ಮೊತ್ತದ ಎರಡರಷ್ಟರ ತನಕ ದಂಡ, ಇಲ್ಲಾ ಎರಡೂ. ಬೌನ್ಸ್ ಗೊತ್ತಾದ 30 ದಿನದೊಳಗೆ ಬ್ಯಾಂಕ್‌ನೋರು ನೋಟಿಸ್ ಕಳಿಸ್ಬೇಕು, ಅದು ಕೈಗೆ ಸಿಕ್ಕಿ 15 ದಿನದೊಳಗೆ ಆ ಮೊತ್ತ ಕಟ್ಟಿದ್ರೆ ಕೇಸ್ ಹಾಕೋಕಾಗಲ್ಲ. ಹಾಗಾಗಿ ರಿಜಿಸ್ಟರ್ ಪೋಸ್ಟ್ ಬಂದ್ರೆ ವಾಪಸ್ ಕಳಿಸ್ಬೇಡಿ ದಯವಿಟ್ಟು.

ಮಿನಿಮಮ್ ಡ್ಯೂ ಕೂಡ ಕಟ್ಟದೆ 90 ದಿನ ದಾಟಿದ್ರೆ ಖಾತೆ ಎನ್‌ಪಿಎ (ಕೆಟ್ಟ ಸಾಲದ ಪಟ್ಟಿಗೆ ಸೇರುತ್ತೆ), ಸಿಬಿಲ್ ಅಂದ್ರೆ ಸಾಲದ ಸ್ಕೋರ್ ಕೆಡುತ್ತೆ. ರಿಕವರಿಯವ್ರು ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಂಗಿಲ್ಲ ಅಂತ ಆರ್‌ಬಿಐ ನಿಯಮ ಇದೆ.

ಈಗ ನಂಗೆ ತಲೆ ಕೆಡಿಸಿದ ಭಾಗ. "ಮೂರು ವರ್ಷ ಆದ್ರೆ ಸಾಲ ಹೋಯ್ತು" ಅಂತ ಎಲ್ರೂ ಹೇಳ್ತಾರೆ, ಅದು ಅರ್ಧ ಸತ್ಯ. 1963ರ ಲಿಮಿಟೇಷನ್ ಆಕ್ಟ್ ಪ್ರಕಾರ ದಾವೆ ಹೂಡೋಕೆ ಬ್ಯಾಂಕಿಗೆ 3 ವರ್ಷ ಇದೆ, ಅದು ದಾಟಿದ್ರೆ ದಾವೆ ನಿಲ್ಲಲ್ಲ, ಸಾಲ ಮಾತ್ರ ಪುಸ್ತಕದಲ್ಲಿ ಹಾಗೇ ಇರುತ್ತೆ. ಉದಾಹರಣೆಗೆ ಲೆಕ್ಕ 2022 ಏಪ್ರಿಲ್‌ನಿಂದ ಶುರು ಅನ್ಕೊಳ್ಳಿ, 2025 ಏಪ್ರಿಲ್‌ಗೆ ಗಡುವು. 2025 ಜನವರಿಯಲ್ಲಿ ನೀವು "ಬಾಕಿ ಇರೋದು ನಿಜ, ಟೈಮ್ ಕೊಡಿ" ಅಂತ ಸಹಿ ಹಾಕಿದ ಪತ್ರ ಕೊಟ್ರಿ. ಸೆಕ್ಷನ್ 18 ಬರುತ್ತೆ, ಮೂರು ವರ್ಷ ಮತ್ತೆ ಒಂದರಿಂದ ಶುರು, ಅಂದ್ರೆ 2028 ಜನವರಿ ತನಕ! ಗಡುವಿನೊಳಗೆ ಸ್ವಲ್ಪ ದುಡ್ಡು ಕಟ್ಟಿ, ಕಟ್ಟಿದ್ದಕ್ಕೆ ನಿಮ್ಮ ಕೈಬರಹ ಅಥವಾ ಸಹಿ ಇರೋ ಬರಹ ಇದ್ರೂ ಅಷ್ಟೇ, ಅದು ಸೆಕ್ಷನ್ 19. ಇಲ್ಲಿ "ಗಡುವಿನೊಳಗೆ" ಅನ್ನೋದನ್ನ ಕೆಂಪು ಪೆನ್ನಲ್ಲಿ ಗೆರೆ ಹಾಕ್ಕೊಳ್ಳಿ, ಯಾಕಂದ್ರೆ ಅದೇ ಪತ್ರ 2025 ಆಗಸ್ಟ್‌ನಲ್ಲಿ ಕೊಟ್ಟಿದ್ರೆ ಸತ್ತ ಗಡುವು ಎದ್ದು ಕೂರಲ್ಲ. ಹಾಗಾದ್ರೆ ಆಗಸ್ಟ್‌ನಲ್ಲಿ ಏನು ಬರೆದ್ರೂ ನಡಿಯುತ್ತಾ? ಇಲ್ಲ, ಇಲ್ಲೇ ನಾನು ಸಿಕ್ಕಾಕೊಂಡಿದ್ದು. "ಬಾಕಿ ಇದೆ" ಅಂತ ಒಪ್ಪೋದು ಬೇರೆ, "ಇಷ್ಟು ಕಟ್ತೀನಿ" ಅಂತ ಬರೆದು ಸಹಿ ಹಾಕೋದು ಬೇರೆ. ಎರಡನೇದು ಕಾಂಟ್ರ್ಯಾಕ್ಟ್ ಆಕ್ಟ್ ಸೆಕ್ಷನ್ 25(3)ರ ಪ್ರಕಾರ ಹೊಸ ಒಪ್ಪಂದ, ಅದರ ಮೇಲೆ ಹೊಸ ದಾವೆ ಹಾಕ್ಬಹುದು. ಹಳೇ ಬಾಕಿಗೆ ಸೆಟಲ್‌ಮೆಂಟ್ ಪತ್ರ ಮುಂದಿಟ್ರೆ ಸಹಿಗೆ ಮುಂಚೆ ತಾರೀಖು ಲೆಕ್ಕ ಹಾಕಿ. ಇನ್ನೊಂದು, ಗಡುವಿನೊಳಗೆ ಒಮ್ಮೆ ದಾವೆ ಬಿತ್ತು ಅಂದ್ರೆ ಕೋರ್ಟಲ್ಲಿ ಎಷ್ಟು ವರ್ಷ ಎಳೆದ್ರೂ ಈ ಮೂರು ವರ್ಷದ ಮಾತೇ ಇಲ್ಲ, ಮತ್ತೆ ಡಿಕ್ರಿ (ದುಡ್ಡು ಕಟ್ಟಿ ಅನ್ನೋ ಕೋರ್ಟ್ ಆದೇಶ) ಆದ್ಮೇಲೆ ಅದನ್ನ ಜಾರಿ ಮಾಡಿಸ್ಕೊಳ್ಳೋಕೆ ಬ್ಯಾಂಕಿಗೆ 12 ವರ್ಷ ಇದೆ.

ದಾವೆ ಸಿಪಿಸಿ (ಸಿವಿಲ್ ಪ್ರೊಸೀಜರ್ ಕೋಡ್) ಆರ್ಡರ್ 37ರಲ್ಲಿ, ಅಂದ್ರೆ ಬೇಗ ಮುಗಿಸೋ ದಾವೆಯಾಗಿ ಬಂದ್ರೆ ಸಮನ್ಸ್ ಸಿಕ್ಕಿ 10 ದಿನದೊಳಗೆ ಹಾಜರಾತಿ ಹಾಕ್ಬೇಕು, ಸುಮ್ನಿದ್ರೆ ಡಿಕ್ರಿ ಅವ್ರ ಪರ.

ಡಿಕ್ರಿ ಆದ್ರೆ ಸಂಬಳ ಜಪ್ತಿ. ಇದು ಸಿಪಿಸಿ ಸೆಕ್ಷನ್ 60. ಮೊದಲ 1,000 ರೂಪಾಯಿ ಬಿಟ್ಟು, ಉಳಿದಿದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟಂಗಿಲ್ಲ. ಸಂಬಳ 40,000 ಅಂದ್ರೆ 27,000 ನಿಮ್ಮದು, 13,000 ಜಪ್ತಿಗೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದಾದ್ಮೇಲೆ ಆ ಡಿಕ್ರಿಗೆ ಸಂಬಳ ಮುಟ್ಟೋ ಹಾಗಿಲ್ಲ. ಪಿಎಫ್‌ಗೂ ಕೈ ಹಾಕೋ ಹಾಗಿಲ್ಲ. ಡಿಕ್ರಿ ದುಡ್ಡು ಕಟ್ಟದಿದ್ರೆ ಸಿವಿಲ್ ಜೈಲು ಅಂತಾನೂ ಒಂದಿದೆ, ಆದ್ರೆ 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ ಬಡತನಕ್ಕೆ ಜೈಲಿಲ್ಲ, ಕೈಯಲ್ಲಿ ಇದ್ದೂ ಕೆಟ್ಟ ಉದ್ದೇಶದಿಂದ ಕೊಡ್ತಿಲ್ಲ ಅಂತ ಸಾಬೀತಾಗ್ಬೇಕು. ಹಣದ ಡಿಕ್ರಿಗೆ ಹೆಂಗಸರನ್ನ ಬಂಧಿಸೋ ಹಾಗೇ ಇಲ್ಲ, ಸಿಪಿಸಿ ಸೆಕ್ಷನ್ 56.

ಲೋಕ ಅದಾಲತ್ ನೋಟಿಸ್ ಬಂದ್ರೆ ಹೋಗಿ ಮಾತಾಡಿ, ಬಡ್ಡಿ ಇಳಿಸ್ಕೊಳ್ಳೋಕೆ ಅದು ಒಳ್ಳೇ ಜಾಗ, ಆದ್ರೆ ಅಲ್ಲಿ ರಾಜಿ ಆಗಿದ್ದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಹಾಗಾಗಿ ಪ್ರತಿ ತಿಂಗಳು ನಿಜವಾಗ್ಲೂ ಕಟ್ಟೋಕಾಗೋ ಕಂತನ್ನೇ ಒಪ್ಕೊಳ್ಳಿ.