ಅರವತ್ತರ ದಶಕದ ಸೈಕೆಡೆಲಿಕ್ ರಾಕ್: ಮೊದಲ ಸಲ ಕೇಳುವವರು ಕಿವಿಯನ್ನು ಎಲ್ಲಿಡಬೇಕು?

ಪ್ರಶ್ನೆ: ಅರವತ್ತರ ದಶಕದ ಸೈಕೆಡೆಲಿಕ್ ರಾಕ್ ಸಂಗೀತದ ದಿಕ್ಕನ್ನೇ ಬದಲಿಸಿತು ಎಂದು ಎಲ್ಲ ಕಡೆ ಓದುತ್ತೇನೆ. ಆಸೆಯಿಂದ ಕೇಳಲು ಕುಳಿತರೆ ಕೆಲವು ಹಾಡುಗಳು ಸಾಧಾರಣವೆನ್ನಿಸುತ್ತವೆ, ಕೆಲವು ಬರೀ ಗದ್ದಲವೆನ್ನಿಸುತ್ತವೆ. ದೋಷ ನನ್ನ ಕಿವಿಯದೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಕಿವಿಯಲ್ಲಿ ದೋಷವಿಲ್ಲ. ಮಾದಕ ವಸ್ತುವಿನ ಅಮಲಿನಲ್ಲಿ ಮನಸ್ಸಿಗೆ ಆಗುವ ವಿಚಿತ್ರ ಅನುಭವಗಳನ್ನು ಸದ್ದಿನಲ್ಲಿ ಮೂಡಿಸಲು ಹೊರಟ ರಾಕ್ ಸಂಗೀತವೇ ಸೈಕೆಡೆಲಿಕ್ ರಾಕ್. 1966ರಲ್ಲಿ ಜನರನ್ನು ಬೆಚ್ಚಿಬೀಳಿಸಿದ ಸದ್ದುಗಳನ್ನು ನೀವು ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದೀರಿ. ಸಿನಿಮಾದ ಹಿನ್ನೆಲೆ ಸಂಗೀತದಲ್ಲಿ, ಜಾಹೀರಾತಿನಲ್ಲಿ, ಡ್ರಮ್ಮಿನ ಒಂದೇ ತುಣುಕು ಮತ್ತೆ ಮತ್ತೆ ಸುತ್ತಿ ಬರುವ ಇಂದಿನ ನೃತ್ಯ ಸಂಗೀತದಲ್ಲಿ ಅವು ಬೆರೆತುಹೋಗಿವೆ. ಆದ್ದರಿಂದ ‘ಇದರಲ್ಲಿ ಹೊಸತೇನಿದೆ?’ ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ಸಿಗಬೇಕಾದರೆ ಹತ್ತು ಆಲ್ಬಮ್‌ಗಳನ್ನು ರಾಶಿ ಹಾಕಿಕೊಳ್ಳಬೇಡಿ. ಒಂದೇ ಹಾಡನ್ನು ಹಿಡಿದು, ಅದರ ಒಂದೊಂದು ಸದ್ದೂ ಹೇಗೆ ಹುಟ್ಟಿತೆಂದು ತಿಳಿದುಕೊಂಡು ಕೇಳಿ. ನನ್ನ ಆಯ್ಕೆ ಬೀಟಲ್ಸ್ ತಂಡದ ‘ಟುಮಾರೋ ನೆವರ್ ನೋಸ್’. ಅವಧಿ ಸುಮಾರು ಮೂರು ನಿಮಿಷ.

ಲಂಡನ್ನಿನ ಆ್ಯಬಿ ರಸ್ತೆಯ ಇಎಂಐ ಸ್ಟುಡಿಯೋದಲ್ಲಿ 1966ರ ಏಪ್ರಿಲ್ 6ರಂದು ಇದರ ಧ್ವನಿಮುದ್ರಣ ಶುರುವಾಯಿತು. ‘ರಿವಾಲ್ವರ್’ ಆಲ್ಬಮ್‌ಗಾಗಿ ಮೊದಲು ಕೈಗೆತ್ತಿಕೊಂಡ ಹಾಡು ಇದೇ. ಆಗಸ್ಟ್ 5ರಂದು ಆಲ್ಬಮ್ ಹೊರಬಂದಾಗ ಕೊನೆಯಲ್ಲಿ ಕೂತದ್ದೂ ಇದೇ. ಮೂರು ವರ್ಷದ ಹಿಂದೆ ಹುಡುಗ ಹುಡುಗಿಯ ಪ್ರೇಮವನ್ನು ಹಾಡುತ್ತಿದ್ದ ತಂಡ ಈಗ ಸಾವು, ಮನಸ್ಸು, ಶೂನ್ಯ ಎಂದು ಹಾಡತೊಡಗಿತ್ತು. ಅಮೆರಿಕದ ಮನೋವಿಜ್ಞಾನಿ ಟಿಮೊತಿ ಲಿಯರಿ ಮತ್ತು ಆತನ ಇಬ್ಬರು ಸಹೋದ್ಯೋಗಿಗಳು ಟಿಬೆಟ್ಟಿನ ಮೃತ್ಯುಗ್ರಂಥವನ್ನು ಆಧರಿಸಿ ಬರೆದ ಪುಸ್ತಕವೊಂದನ್ನು ತಂಡದ ಗಾಯಕ ಜಾನ್ ಲೆನನ್ ಓದಿದ್ದ. ಹಾಡಿನ ಮಾತುಗಳು ಬಂದದ್ದು ಅಲ್ಲಿಂದ.

ಹಾಡು ಶುರುವಾಗುವುದು ತಂಬೂರಿಯಿಂದ. ನುಡಿಸಿದವನು ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. ಕನ್ನಡದ ಕೇಳುಗರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಖಂಡಿತ ಬಳಸಿಕೊಳ್ಳಿ. ಪಾಶ್ಚಾತ್ಯ ಜನಪ್ರಿಯ ಗೀತೆಯ ಒಳಗಿನ ಕಥೆಯನ್ನು ನಡೆಸುವುದು ಸ್ವರಮೇಳಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ (ಕಾರ್ಡ್) ಬದಲಾವಣೆ. ಒಂದರಿಂದ ಇನ್ನೊಂದಕ್ಕೆ ಜಿಗಿದು, ಕೊನೆಗೆ ಮನೆಗೆ ಮರಳುವುದೇ ಅದರ ನಡೆ. ಈ ಹಾಡು ಎಲ್ಲಿಗೂ ಹೋಗುವುದಿಲ್ಲ. ಷಡ್ಜದ ಮೇಲೆ ಗಟ್ಟಿಯಾಗಿ ನಿಂತುಬಿಡುತ್ತದೆ. ಲೆನನ್ ಹಾಡುವ ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಗುರುತಿಸಿದರೆ ಸಿಗುವುದು ಮುಖ್ಯವಾಗಿ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ. ಗಮಕವಿಲ್ಲ, ಸ್ವರ ವಿಸ್ತಾರವಿಲ್ಲ, ಹಾಗಾಗಿ ಇದು ರಾಗವಲ್ಲ; ಹಾಗೆ ಹೊಗಳುವುದೂ ಬೇಡ. ಆದರೆ ಶ್ರುತಿಯೊಂದು ನಿಂತಿರುವಾಗ ಅದರ ಮೇಲೆ ಏನೆಲ್ಲ ಅರಳಬಹುದು ಎಂದು ಕಾಯುವುದು ಸಂಗೀತ ಕಛೇರಿಗೆ ಹೋಗಿ ಬಲ್ಲವರಿಗೆ ರೂಢಿಯಾದ ಸಂಗತಿ. ಬೀಟಲ್ಸ್‌ನ ಊರಾದ ಲಿವರ್‌ಪೂಲಿನ ಅಂದಿನ ಹದಿಹರೆಯದವರಿಗೆ ಆ ಕಾಯುವಿಕೆಯೇ ಹೊಸ ಅನುಭವ.

ಇನ್ನು ಡ್ರಮ್ಸ್‌ಗೆ ಬನ್ನಿ. ರಿಂಗೊ ಸ್ಟಾರ್ ಒಂದೇ ನಡೆಯನ್ನು ಕೊನೆಯವರೆಗೂ ಬದಲಿಸದೆ ನುಡಿಸುತ್ತಾನೆ. ಎದೆಗೇ ಬಡಿದಂತಿರುವ ಆ ಸದ್ದು ಹೇಗೆ ಬಂತು? ಜೆಫ್ ಎಮೆರಿಕ್ ಎಂಬ ಇಪ್ಪತ್ತರ ತರುಣ ಆಗಷ್ಟೇ ಬೀಟಲ್ಸ್‌ನ ಧ್ವನಿಮುದ್ರಣ ಎಂಜಿನಿಯರ್ ಆಗಿದ್ದ. ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಸ್ಟುಡಿಯೋದ ನಿಯಮ ಮೀರಿ ಮೈಕನ್ನು ತೀರ ಹತ್ತಿರಕ್ಕೆ ತಂದ. ಬಂದ ಸದ್ದನ್ನು ಯಂತ್ರದಲ್ಲಿ ಹಿಂಡಿ ದಟ್ಟವಾಗಿಸಿದ. ಈ ಸಂಗೀತವನ್ನು ನಾನು ಇಷ್ಟು ಪ್ರೀತಿಸುವುದಕ್ಕೆ ಇಂಥ ಕೈಕೆಲಸವೇ ದೊಡ್ಡ ಕಾರಣ. ಆಗಿನ್ನೂ ಕಂಪ್ಯೂಟರ್ ಇಲ್ಲ. ಇದ್ದದ್ದು ನಾಲ್ಕು ಟ್ರ್ಯಾಕ್‌ಗಳ ಟೇಪ್ ಯಂತ್ರ ಮತ್ತು ಹಟ.

ಹಾಡಿನ ನಡುನಡುವೆ ಕಡಲಹಕ್ಕಿಗಳು ಕೂಗಿದಂತೆ ಕೇಳಿಸುತ್ತದೆ. ಅಲ್ಲಿ ಹಕ್ಕಿಯಿಲ್ಲ. ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಕೂತು ಟೇಪಿನ ತುಣುಕುಗಳನ್ನು ಉಂಗುರದಂತೆ ಅಂಟಿಸುವ ಪ್ರಯೋಗದಲ್ಲಿ ಮುಳುಗಿದ್ದ. ಅಂಥ ಐದು ಉಂಗುರಗಳನ್ನು ಸ್ಟುಡಿಯೋದ ಬೇರೆ ಬೇರೆ ಕೋಣೆಗಳ ಯಂತ್ರಗಳಲ್ಲಿ ಒಟ್ಟಿಗೆ ಓಡಿಸಲಾಯಿತು. ಟೇಪು ಜಾರದಂತೆ ಸಿಬ್ಬಂದಿ ಪೆನ್ಸಿಲ್ ಒಡ್ಡಿ ಬಿಗಿಯಾಗಿ ಹಿಡಿದು ನಿಂತರು. ನಿಯಂತ್ರಣ ಕೊಠಡಿಯಲ್ಲಿ ಒಂದೊಂದರ ಸದ್ದನ್ನೂ ಆ ಕ್ಷಣಕ್ಕೆ ತೋಚಿದಂತೆ ಏರಿಸಿ ಇಳಿಸಿದರು. ಅಂದು ನಡೆದದ್ದನ್ನು ಯಥಾವತ್ತಾಗಿ ಮತ್ತೊಮ್ಮೆ ಮಾಡುವುದು ಅಸಾಧ್ಯ. ಸದ್ದನ್ನು ಸೆರೆಹಿಡಿಯಲು ಇದ್ದ ಸ್ಟುಡಿಯೋ ತಾನೇ ವಾದ್ಯವಾದದ್ದು ಹೀಗೆ. ಅಂದಿನ ಕ್ರಾಂತಿ ಎಂದು ನಾನು ಕರೆಯುವುದು ಇದನ್ನು. ಉದ್ದ ಕೂದಲು, ಬಣ್ಣಬಣ್ಣದ ಅಂಗಿಗಳನ್ನಲ್ಲ.

ಕೊನೆಯದಾಗಿ ಕಂಠ. ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಪಠಿಸಿದಂತೆ ತನ್ನ ಧ್ವನಿ ಕೇಳಿಸಬೇಕೆಂದು ಲೆನನ್ ಬಯಸಿದ್ದ. ಹ್ಯಾಮಂಡ್ ಆರ್ಗನ್‌ನೊಂದಿಗೆ ಬಳಸುವ, ಒಳಗೇ ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ಅವನ ಧ್ವನಿಯನ್ನು ಹಾಯಿಸಿದರು. ಹಾಡಿನ ಉತ್ತರಾರ್ಧದಲ್ಲಿ ದನಿ ಅಲುಗಾಡುತ್ತ ದೂರದಿಂದ ಬರುತ್ತದಲ್ಲ, ಅದರ ಗುಟ್ಟು ಇಷ್ಟೇ.

ಇಷ್ಟು ತಿಳಿದು ಮೂರು ಸಲ ಕೇಳಿ: ಒಮ್ಮೆ ಡ್ರಮ್ಮನ್ನು, ಒಮ್ಮೆ ಟೇಪಿನ ಉಂಗುರಗಳನ್ನು, ಒಮ್ಮೆ ಬರೀ ತಂಬೂರಿಯನ್ನು. ಆ ಕಾಲದ ಸ್ಟೀರಿಯೋ ಪ್ರತಿಗಳಲ್ಲಿ ವಾದ್ಯಗಳನ್ನು ಒಂದೊಂದು ಬದಿಗೆ ತಳ್ಳಿಬಿಡುತ್ತಿದ್ದರು. ಇಯರ್‌ಫೋನ್ ಹಾಕಿಕೊಂಡರೆ ಒಂದು ಕಿವಿ ಖಾಲಿಯೆನ್ನಿಸಿ ಕಿರಿಕಿರಿಯಾಗುತ್ತದೆ. ಬೀಟಲ್ಸ್ ಆಗ ಹೆಚ್ಚು ಗಮನ ಕೊಟ್ಟದ್ದು ಎರಡೂ ಬದಿಯಲ್ಲಿ ಒಂದೇ ಸದ್ದು ಕೇಳಿಸುವ ಮೊನೊ ಮಿಶ್ರಣಕ್ಕೆ. 2022ರಲ್ಲಿ ಬಂದ ‘ರಿವಾಲ್ವರ್’ನ ವಿಸ್ತೃತ ಆವೃತ್ತಿಯಲ್ಲಿ ಅದೂ ಸೇರಿದೆ. ಸಾಧ್ಯವಾದರೆ ಸ್ಪೀಕರಿನಲ್ಲಿ ಕೇಳಿ.

‘ಮಾದಕ ವಸ್ತು ಸೇವಿಸದವರಿಗೆ ಇದು ಅರ್ಥವಾಗುತ್ತದೆಯೇ?’ ಎಂದು ಕೆಲವರು ಇದರ ಜೊತೆಗೇ ಕೇಳುತ್ತಾರೆ. ಚೆನ್ನಾಗಿ ಆಗುತ್ತದೆ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಎಂಬ ಮಾದಕದ ಅನುಭವ ಈ ಹಾಡುಗಳ ಹಿಂದೆ ಇತ್ತೆಂಬುದು ಮುಚ್ಚಿಡುವ ಮಾತಲ್ಲ. ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿದ್ದು 1966ರ ಅಕ್ಟೋಬರ್ 6ರಂದು, ಅಂದರೆ ‘ರಿವಾಲ್ವರ್’ ಬಂದ ಎರಡು ತಿಂಗಳ ಮೇಲೆ. ಆದರೆ ಟೇಪು ಕತ್ತರಿಸಿ ಅಂಟಿಸುವುದಕ್ಕೆ ಬೇಕಾದದ್ದು ಸ್ಥಿರವಾದ ಕೈ. ಪಿಂಕ್ ಫ್ಲಾಯ್ಡ್ ತಂಡದ ಸಿಡ್ ಬ್ಯಾರೆಟ್‌ನಂಥ ಅಪರೂಪದ ಪ್ರತಿಭೆ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು 1968ರಲ್ಲೇ ತಂಡದಿಂದ ದೂರವಾದುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅದನ್ನು ರಮ್ಯಗೊಳಿಸುವ ಬರಹಗಳನ್ನು ನಂಬಬೇಡಿ.

ಮುಂದಿನ ಹಾಡು ಯಾವುದು? ಬರ್ಡ್ಸ್ ತಂಡದ ‘ಏಟ್ ಮೈಲ್ಸ್ ಹೈ’. 1966ರ ಮಾರ್ಚ್‌ನಲ್ಲಿ, ಅಂದರೆ ಬೀಟಲ್ಸ್ ಹಾಡಿಗೂ ಮೊದಲೇ ಬಂದದ್ದು. ರೋಜರ್ ಮೆಗ್ವಿನ್ ಹನ್ನೆರಡು ತಂತಿಯ ಗಿಟಾರಿನಲ್ಲಿ ನುಡಿಸುವ ಮೊದಲ ಪಲುಕು ಜಾಝ್ ವಾದಕ ಜಾನ್ ಕೋಲ್ಟ್ರೇನ್‌ನ ‘ಇಂಡಿಯಾ’ ಎಂಬ ಕೃತಿಯಿಂದ ಎದ್ದದ್ದು. ಆ ಕೋಲ್ಟ್ರೇನ್ ಪಂಡಿತ್ ರವಿಶಂಕರ್ ಅವರನ್ನು ಎಷ್ಟು ಗೌರವಿಸುತ್ತಿದ್ದನೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟ. ಅದಾದ ಮೇಲೆ ಜೆಫರ್ಸನ್ ಏರ್‌ಪ್ಲೇನ್ ತಂಡದ ‘ವೈಟ್ ರ್‍ಯಾಬಿಟ್’. ಗ್ರೇಸ್ ಸ್ಲಿಕ್ ಮೆಲ್ಲಗೆ ಆರಂಭಿಸಿ ಎರಡೂವರೆ ನಿಮಿಷ ಒಂದೇ ಏರು ಹತ್ತುತ್ತಾಳೆ, ಎಲ್ಲೂ ಇಳಿಯುವುದಿಲ್ಲ. ಮೊದಲ ಸಲ ಕೇಳುವವರನ್ನು ಇದರಷ್ಟು ಬೇಗ ಹಿಡಿದಿಡುವ ಹಾಡು ಆ ಕಾಲದಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ಅನಿಸಿಕೆ.

ಆಮೇಲೆ ಒಂದು ಸಂಜೆ ಬಿಡುವು ಮಾಡಿಕೊಂಡು ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದ ಎರಡು ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿ. 1967ರ ಜೂನ್ 18ರ ಮಧ್ಯಾಹ್ನ ಉಸ್ತಾದ್ ಅಲ್ಲಾ ರಖಾ ಅವರ ತಬಲಾದೊಂದಿಗೆ ರವಿಶಂಕರ್ ಅಲ್ಲಿ ಭೀಮಪಲಾಸಿ ನುಡಿಸಿದರು. ಅದೇ ರಾತ್ರಿ ಜಿಮಿ ಹೆಂಡ್ರಿಕ್ಸ್ ಅದೇ ವೇದಿಕೆಯಲ್ಲಿ ಗಿಟಾರಿಗೆ ಬೆಂಕಿ ಹಚ್ಚಿದ. ವಾದ್ಯವನ್ನು ದೇವರೆಂದು ಕಾಣುವ ಪರಂಪರೆಯ ರವಿಶಂಕರ್‌ಗೆ ಅದು ನೋವು ತಂದಿತು. ಭಾರತೀಯ ಸಂಗೀತವನ್ನು ಮಾದಕ ವಸ್ತುವಿನೊಡನೆ ತಳಕು ಹಾಕುವುದನ್ನೂ ಅವರು ಬಹಿರಂಗವಾಗಿ ವಿರೋಧಿಸಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಹಾಗಿದ್ದೂ ಹೆಂಡ್ರಿಕ್ಸ್‌ನ ಬೆಂಕಿಯನ್ನು ಮರೆತು ಬರೀ ಸದ್ದನ್ನು ಕೇಳಿ. ಗಿಟಾರು ಮತ್ತು ಸ್ಪೀಕರ್ ಒಂದನ್ನೊಂದು ಕೆಣಕಿ ಹುಟ್ಟುವ ಊಳನ್ನು ಹೆಚ್ಚಿನವರು ದೋಷವೆಂದು ಅಡಗಿಸುತ್ತಿದ್ದರು. ಅವನು ಅದನ್ನು ಬೇಕಾದ ಸ್ವರಕ್ಕೆ ಬಾಗಿಸಿ ನಿಲ್ಲಿಸುತ್ತಾನೆ.

ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಮ್ಮಿನಲ್ಲಿರುವ, ಹತ್ತು ನಿಮಿಷಕ್ಕೆ ತುಸು ಕಡಿಮೆಯ ‘ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್’ ಅನ್ನು ಇವೆಲ್ಲದರ ನಂತರಕ್ಕೆ ಇಟ್ಟುಕೊಳ್ಳಿ. ಹೊಸಬರು ಹೆಚ್ಚಾಗಿ ಅದರಿಂದಲೇ ಶುರುಮಾಡಿ ಸುಸ್ತಾಗುತ್ತಾರೆ. ಅರ್ಧಕ್ಕೇ ಬೇಸರವಾದರೆ ನಿಲ್ಲಿಸಿ, ಸಂಕೋಚ ಬೇಡ; ಆ ದಶಕದ ದೀರ್ಘ ವಾದನಗಳಲ್ಲಿ ಹಲವು ನಿಜಕ್ಕೂ ಗೊತ್ತುಗುರಿಯಿಲ್ಲದೆ ಅಲೆಯುತ್ತವೆ.