ಕಂಪ್ರೆಸರ್ ಸುಟ್ಟದ್ದು ದೃಷ್ಟಿಯಿಂದಲ್ಲ, ನೀರಿನಿಂದ

ಏರ್ ಸಸ್ಪೆನ್ಷನ್ ಇರುವ, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ಕೂರುವ ದುಬಾರಿ ಎಸ್‌ಯುವಿಗಳಲ್ಲಿ ಆ ಗಾಳಿ ತುಂಬುವ ಕಂಪ್ರೆಸರ್ ತಾನಾಗಿ ಕೆಡುವುದು ಕಡಿಮೆ. ಬೇರೆಲ್ಲೋ ಇರುವ ಸಣ್ಣ ಸೋರಿಕೆ ಅದನ್ನು ಬಲಿ ತೆಗೆದುಕೊಳ್ಳುತ್ತದೆ. ರೇಂಜ್ ರೋವರ್, ಡಿಸ್ಕವರಿ, ಮರ್ಸಿಡಿಸ್ ಜಿಎಲ್, ಆಡಿ ಕ್ಯೂ7, ಪೋರ್ಷೆ ಕಯೆನ್ ಯಾವುದನ್ನೇ ತೆಗೆದುಕೊಳ್ಳಿ, ಕಥೆ ಬಹುತೇಕ ಒಂದೇ. ಸ್ಕ್ಯಾನರ್ ಹಾಕಿದಾಗ ಕಂಪ್ರೆಸರ್ ದೋಷ ಎಂದು ಬರುತ್ತದೆ, ಹೊಸದು ಹಾಕಿಸುತ್ತಾರೆ, ವರ್ಷ ತುಂಬುವ ಮೊದಲೇ ಅದೂ ಸುಡುತ್ತದೆ. ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ: ಈ ಗಾಡಿ ನಮಗೆ ಆಗಿಬರಲಿಲ್ಲ. ನಂಬರ್ ಪ್ಲೇಟಿನ ಅಂಕಿ ಕೂಡಿಸಿ ಎಂಟು ಬಂತೆಂದು ಹೆದರುವವರಿದ್ದಾರೆ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಸಮಾಧಾನ ಪಡುವವರೂ ಇದ್ದಾರೆ. ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಎರಡನೇ ಕಂಪ್ರೆಸರ್ ಯಾಕೆ ಸುಟ್ಟಿತು ಎಂಬುದಕ್ಕೆ ಉತ್ತರ ಹೈಸ್ಕೂಲು ವಿಜ್ಞಾನದಲ್ಲೇ ಇದೆ, ಮತ್ತು ಆ ಉತ್ತರ ಬಹಳ ಸೊಗಸಾಗಿದೆ.

ಸುಮಾರು 2,500 ಕಿಲೋ ತೂಗುವ ಗಾಡಿಯಲ್ಲಿ ಚಕ್ರ, ಆಕ್ಸಲ್ ಬಿಟ್ಟು ಮೇಲಿನ ಭಾರ ಮೂಲೆಗೆ 550 ಕಿಲೋ ಆಸುಪಾಸು. ಅದನ್ನು ಹೊರುವುದು ದಾರದ ಹೆಣಿಗೆಯ ಮೇಲೆ ರಬ್ಬರ್ ಹೊದಿಸಿದ ಒಂದು ಚೀಲ, ಅಂದರೆ ಬೆಲ್ಲೋಸ್. ಅದರ ಅಡ್ಡಗಲ 11 ಸೆಂಟಿಮೀಟರ್ ಎಂದುಕೊಂಡರೆ ಒಳಗೆ 6 ಬಾರ್‌ಗೆ, ಅಂದರೆ ವಾತಾವರಣದ ಒತ್ತಡದ ಸುಮಾರು ಆರು ಪಟ್ಟಿಗೆ, ಹತ್ತಿರದ ಒತ್ತಡ ಬೇಕು. ಈ ಗಾಳಿಯನ್ನು ತುಂಬುವ ಕಂಪ್ರೆಸರ್ ಚಿಕ್ಕದು. ಅದಕ್ಕೆ ಆಯಿಲ್ ಇಲ್ಲ, ಟೆಫ್ಲಾನ್ ರಿಂಗ್ ಹಾಕಿದ ಪಿಸ್ಟನ್ ಒಣಗಿದಂತೆಯೇ ಓಡುತ್ತದೆ. ಸ್ವಲ್ಪ ಹೊತ್ತು ಓಡಿ, ಆಮೇಲೆ ಬಹಳ ಹೊತ್ತು ಸುಮ್ಮನಿರಲಿ ಎಂದು ಲೆಕ್ಕ ಹಾಕಿ ಮಾಡಿದ ಯಂತ್ರ ಅದು. ಎಲ್ಲೋ ಸೋರುತ್ತಿದ್ದರೆ ಅದಕ್ಕೆ ಬಿಡುವೇ ಸಿಗುವುದಿಲ್ಲ. ಗಾಳಿಯನ್ನು ಒತ್ತಿದಾಗ ಕಾವು ಏರುತ್ತದೆ. ಸಿಲಿಂಡರಿನ ತಲೆಭಾಗ 100 ಡಿಗ್ರಿ ಸುಲಭವಾಗಿ ದಾಟುತ್ತದೆ, ಟೆಫ್ಲಾನ್ ರಿಂಗ್ ಸವೆಯುತ್ತದೆ. ಇದಿಷ್ಟು ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು ಡ್ರೈಯರ್ ಕಥೆ.

ಕಂಪ್ರೆಸರಿನ ಪಕ್ಕದಲ್ಲೇ ಸಿಲಿಕಾ ಜೆಲ್‌ನಂಥ, ತೇವ ಹೀರುವ ಹರಳು ತುಂಬಿದ ಒಂದು ಡಬ್ಬಿ ಇರುತ್ತದೆ, ಅದೇ ಡ್ರೈಯರ್. ಅದು ಯಾಕೆ ಬೇಕೆಂದು ತಿಳಿಯಲು ಮಂಗಳೂರಿನ ಜುಲೈ ತಿಂಗಳ ಗಾಳಿಯನ್ನು ನೋಡಿ. ಉಷ್ಣಾಂಶ 30 ಡಿಗ್ರಿ, ತೇವಾಂಶ ಶೇ. 85 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 26 ಗ್ರಾಂ ನೀರಿನ ಆವಿ ಇರುತ್ತದೆ. ಆ ಸಾವಿರ ಲೀಟರ್ ಗಾಳಿಯನ್ನು ನೂರು ಲೀಟರಿಗೆ ಒತ್ತಿ, ಮತ್ತೆ 30 ಡಿಗ್ರಿಗೆ ತಣಿಸಿದರೆ ಅದು ಹಿಡಿದಿಟ್ಟುಕೊಳ್ಳುವುದು ಬರೀ 3 ಗ್ರಾಂ. ಉಳಿದ 23 ಗ್ರಾಂ, ಒದ್ದೆ ಬಟ್ಟೆ ಹಿಂಡಿದಾಗ ಇಳಿಯುವಂತೆ, ನೀರಾಗಿ ಇಳಿದುಬಿಡುತ್ತದೆ. ಈ ನೀರು ಮುಂದೆ ಹೋಗದಂತೆ ಹರಳುಗಳು ಹೀರಿಕೊಳ್ಳಬೇಕು.

ಹೀರಿಕೊಂಡ ನೀರು ಎಲ್ಲಿ ಹೋಗಬೇಕು? ಇಲ್ಲಿದೆ ಜಾಣತನ. ಗಾಡಿ ತಗ್ಗುವಾಗ ಬೆಲ್ಲೋಸ್‌ನಿಂದ ಹೊರಹೋಗುವ ಗಾಳಿ ಅದೇ ಡ್ರೈಯರ್ ಮೂಲಕ ಹಿಮ್ಮುಖವಾಗಿ ಸಾಗುತ್ತದೆ. ಒತ್ತಡ ಕಳೆದುಕೊಂಡು ಹಿಗ್ಗಿದ ಆ ಗಾಳಿ ತೀರಾ ಒಣ. ಹರಳಿನಲ್ಲಿದ್ದ ತೇವವನ್ನು ಎಳೆದುಕೊಂಡು ಹೊರಗೆ ಹಾಕುತ್ತದೆ. ಒಳಬಂದ ಗಾಳಿಯೇ ಮರಳಿ ಹೋಗುವಾಗ ದಾರಿ ಒಣಗಿಸಿ ಹೋಗುವ ವ್ಯವಸ್ಥೆ ಇದು. ಬಂದದ್ದೂ ಹೋದದ್ದೂ ಸರಿತೂಗಿದಷ್ಟು ಕಾಲ ಡ್ರೈಯರ್ ವರ್ಷಗಟ್ಟಲೆ ಬಾಳುತ್ತದೆ.

ಸೋರಿಕೆ ಕೆಡಿಸುವುದು ಈ ಲೆಕ್ಕವನ್ನೇ. ರಬ್ಬರಿನ ಬಿರುಕಿನಿಂದ ಹೊರಟ ಗಾಳಿ ಡ್ರೈಯರ್ ಕಡೆ ಬರುವುದೇ ಇಲ್ಲ. ಒಳಗೆ ಬರುವ ತೇವ ಮಾತ್ರ ದಿನವೂ ಸೇರುತ್ತಾ ಹೋಗುತ್ತದೆ. ರಾತ್ರಿ ಪೂರ್ತಿ ಇಳಿದ 2 ಲೀಟರ್ ಬೆಲ್ಲೋಸ್ ಅನ್ನು 6 ಬಾರ್‌ಗೆ ತುಂಬಲು 12 ಲೀಟರ್ ಹೊರಗಾಳಿ ಬೇಕು. ದಿನಕ್ಕೊಮ್ಮೆ ತುಂಬಿದರೂ ಮೂರು ತಿಂಗಳಿಗೆ ಒಂದು ಘನ ಮೀಟರ್ ದಾಟುತ್ತದೆ. ಸಿಲಿಕಾ ಜೆಲ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರು ಕುಡಿಯುವ ಹೊತ್ತಿಗೆ ದಣಿಯತೊಡಗುತ್ತದೆ; ಡಬ್ಬಿಯಲ್ಲಿ 100 ಗ್ರಾಂ ಹರಳಿದ್ದರೆ ಒಂದು ಮಳೆಗಾಲ ಸಾಕು. ಆಮೇಲೆ ನೀರು ಮೂಲೆಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿಗೆ ಇಳಿಯುತ್ತದೆ, ಅದರಲ್ಲಿ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳು ತುಕ್ಕು ಹಿಡಿಯುತ್ತವೆ. ಪುಡಿಯಾದ ಹರಳು ವಾಲ್ವಿನ ಬಾಯಲ್ಲಿ ಕೂತು ಅದು ಪೂರ್ತಿ ಮುಚ್ಚದಂತೆ ಮಾಡುತ್ತದೆ. ಗಾಳಿ ಹೊರಬಿಡುವ ವಾಲ್ವ್ ಅಂಟಿಕೊಂಡರಂತೂ ಕಂಪ್ರೆಸರ್ ಪ್ರತಿ ಸಲವೂ ತುಂಬಿದ ಒತ್ತಡದ ಎದುರು ಶುರುವಾಗಬೇಕು. ಮೋಟಾರು ತಿಣುಕಿ ಕರೆಂಟು ಹೆಚ್ಚು ಎಳೆಯುತ್ತದೆ, ಫ್ಯೂಸ್ ಹೋಗುತ್ತದೆ ಅಥವಾ ಮೋಟಾರಿಗೆ ಕರೆಂಟು ಕೊಡುವ ಸ್ವಿಚ್ಚಾದ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತದೆ. ರಿಲೇ ಹಾಗೆ ಬೆಸೆದುಕೊಂಡರೆ ಇಗ್ನಿಷನ್ ಆರಿಸಿದ ಮೇಲೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ, ಮೋಟಾರು ಸುಟ್ಟಿದೆ. ಇಷ್ಟೆಲ್ಲ ಆದಮೇಲೆ ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಈ ತೊಂದರೆ ಹೊಸದೂ ಅಲ್ಲ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಅಮೆರಿಕದ ಅತಿ ದುಬಾರಿ ಕಾರುಗಳಲ್ಲಿ ಒಂದು. ಅದರ ಏರ್ ಸಸ್ಪೆನ್ಷನ್ ಎಷ್ಟು ಸೋರಿತೆಂದರೆ ಹಲವು ಮಾಲೀಕರು ಅದನ್ನು ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸಿದರು. ಅದಕ್ಕೂ ಎರಡು ವರ್ಷ ಮೊದಲು, 1955ರಲ್ಲಿ, ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಬೇರೆ ಹಾದಿ ಹಿಡಿದಿತ್ತು. ಅದರ ಎಂಜಿನಿಯರ್ ಪಾಲ್ ಮಜೆಸ್ ನೈಟ್ರೋಜನ್ ಅನಿಲವನ್ನು ಲೋಹದ ಗೋಳದಲ್ಲಿ ಮುಚ್ಚಿಟ್ಟು, ಎತ್ತರ ಬದಲಿಸುವ ಕೆಲಸವನ್ನು ದ್ರವಕ್ಕೆ ವಹಿಸಿದರು. ಹಾಗಾಗಿ ಸ್ಪ್ರಿಂಗಿಗೆ ಹೊರಗಾಳಿಯನ್ನು ಒತ್ತಿ ತುಂಬುವ ಗೊಡವೆಯೇ ಇರಲಿಲ್ಲ. ಎಲೆಕ್ಟ್ರಾನಿಕ್ ನಿಯಂತ್ರಣದ ಏರ್ ಸಸ್ಪೆನ್ಷನ್ 1992ರಲ್ಲಿ ರೇಂಜ್ ರೋವರಿಗೆ ಬಂದಾಗ ಗಾಳಿಯ ಜತೆ ನೀರಿನ ಹಳೆಯ ಸಮಸ್ಯೆಯೂ ಬಂತು.

ಹಾಗಾದರೆ ಕೆಎಸ್‌ಆರ್‌ಟಿಸಿಯ ಐರಾವತ ವೋಲ್ವೊ ಬಸ್ಸುಗಳೂ ಗಾಳಿಯ ಮೇಲೇ ಕೂತಿವೆಯಲ್ಲ? ಹೌದು. ಆದರೆ ಬಸ್ಸಿನ ಕಂಪ್ರೆಸರ್ ಎಂಜಿನ್ನಿನಿಂದಲೇ ತಿರುಗುತ್ತದೆ, ಅದಕ್ಕೆ ಆಯಿಲ್ ಸಿಗುತ್ತದೆ, ಬ್ರೇಕಿಗೂ ಅದೇ ಗಾಳಿ ಬೇಕಾದ್ದರಿಂದ ಡ್ರೈಯರ್ ದೊಡ್ಡದು. ಟ್ಯಾಂಕಿನಡಿ ನೀರು ಬಿಡಲು ಡ್ರೇನ್ ವಾಲ್ವ್ ಇದೆ, ಡ್ರೈಯರ್ ಕಾರ್ಟ್ರಿಜ್ ಬದಲಿಸುವುದು ಸರ್ವಿಸ್ ಪಟ್ಟಿಯಲ್ಲೇ ಇರುತ್ತದೆ. ಕೋಟಿ ರೂಪಾಯಿ ಗಾಡಿಯ ಮಾಲೀಕರಿಗೆ ಡ್ರೈಯರ್ ಎಂಬುದೊಂದು ಇದೆ ಎಂದೇ ಯಾರೂ ಹೇಳಿರುವುದಿಲ್ಲ. ಇದು ನನ್ನ ದೊಡ್ಡ ತಕರಾರು.

ಸೋರಿಕೆ ಹುಡುಕುವಾಗ ಎರಡು ಕಡೆ ಮೋಸಹೋಗುತ್ತೇವೆ. ಮಧ್ಯಾಹ್ನ 35 ಡಿಗ್ರಿ ಇದ್ದದ್ದು ಬೆಳಗಿನ ಜಾವ 20ಕ್ಕೆ ಇಳಿದರೆ ಗಾಳಿಯ ಗಾತ್ರ ಶೇ. 5ರಷ್ಟು ಕುಗ್ಗುತ್ತದೆ, ನಾಲ್ಕೂ ಮೂಲೆ ಒಂದು ಸೆಂಟಿಮೀಟರಿನಷ್ಟು ಸಮನಾಗಿ ತಗ್ಗುವುದು ಸಹಜ, ಅದು ದೋಷವಲ್ಲ. ಇನ್ನೊಂದು, ಲ್ಯಾಂಡ್ ರೋವರ್‌ಗಳಲ್ಲಿ ಗಾಡಿ ನಿಲ್ಲಿಸಿ ಹೋದ ಮೇಲೂ ಕಂಟ್ರೋಲ್ ಯೂನಿಟ್ ಆಗಾಗ ಎಚ್ಚರಗೊಂಡು, ಎಲ್ಲಕ್ಕಿಂತ ತಗ್ಗಿದ ಮೂಲೆಯ ಮಟ್ಟಕ್ಕೆ ಉಳಿದ ಮೂರನ್ನೂ ಇಳಿಸುತ್ತದೆ. ಒಂದೇ ಕಡೆ ಸೋರಿದರೂ ಬೆಳಿಗ್ಗೆ ಇಡೀ ಗಾಡಿ ಕೂತಿರುತ್ತದೆ. ಹಾಗಾಗಿ ಸಂಜೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಸಸ್ಪೆನ್ಷನ್ ಫ್ಯೂಸ್ ತೆಗೆದಿಡಿ (ಯಾವುದೆಂದು ಮ್ಯಾನುವಲ್‌ನಲ್ಲಿರುತ್ತದೆ). ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಟೇಪಿನಿಂದ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಬೆಳಿಗ್ಗೆ ಮತ್ತೆ ಅಳೆದರೆ ಕಳ್ಳ ಮೂಲೆ ತಾನಾಗಿ ಗೊತ್ತಾಗುತ್ತದೆ.

ಆ ಮೂಲೆಯ ಬೆಲ್ಲೋಸ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು ಸಿಂಪಡಿಸಬೇಕು, ಗಾಡಿ ಅತಿ ಎತ್ತರದ ಸ್ಥಿತಿಯಲ್ಲಿರುವಾಗ. ರಬ್ಬರ್ ಬಿರುಕು ಬಿಡುವುದು ಕೆಳಗಿನ ಮಡಿಕೆಯಲ್ಲಿ. ಮಾಮೂಲಿ ಎತ್ತರದಲ್ಲಿ ಆ ಮಡಿಕೆ ಒಳಗೆ ಅಡಗಿರುತ್ತದೆ. ಪೈಪಿನ ಜಾಯಿಂಟ್, ವಾಲ್ವ್ ಬ್ಲಾಕ್‌ಗೂ ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ. ಗಾಳಿಯ ಆಧಾರದ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಎಂದೂ ತಲೆ ಹಾಕಬೇಡಿ. ಗಾಳಿ ಹೋದರೆ ಎರಡೂವರೆ ಟನ್ ಕ್ಷಣದಲ್ಲಿ ಕೆಳಗೆ ಬರುತ್ತದೆ, ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಬೇಕು.

ಬೆಲ್ಲೋಸ್ ಬದಲಿಸುವುದಾದರೆ ಆ ಆಕ್ಸಲ್‌ನ ಎರಡನ್ನೂ ಬದಲಿಸುವುದು ಲೇಸು, ಜೋಡಿಯ ವಯಸ್ಸು ಒಂದೇ ತಾನೆ. ನೈಲಾನ್ ಪೈಪಿನ ಹಳೆಯ ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಸ್ವಲ್ಪ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಬೇಕು. ಓರೆಯಾದರೆ ಅಲ್ಲೇ ಹೊಸ ಸೋರಿಕೆ. ಗಾಳಿ ತುಂಬುವ ಮೊದಲು ಗಾಡಿಯ ಭಾರ ಬಿಟ್ಟರೆ ಹೊಸ ರಬ್ಬರ್ ಅಡ್ಡಾದಿಡ್ಡಿ ಮಡಚಿ ಹರಿಯುತ್ತದೆ. ಚಕ್ರವನ್ನು ಗಾಡಿಗೆ ಜೋಡಿಸುವ ಆರ್ಮ್‌ಗಳ ಬೋಲ್ಟ್ ಕೊನೆಯ ಸಲ ಬಿಗಿಯುವುದು ಗಾಡಿ ಮಾಮೂಲಿ ಎತ್ತರದಲ್ಲಿರುವಾಗ. ಚಕ್ರ ನೇತಾಡುವಾಗ ಬಿಗಿದರೆ ಆರ್ಮ್‌ನ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹೋಗುತ್ತದೆ. ಗುಳ್ಳೆಯೇ ಬರದೆ, ಎಂಜಿನ್ ಓಡುವಾಗಲೂ ಒಂದು ಮೂಲೆ ತಪ್ಪು ಎತ್ತರದಲ್ಲಿದ್ದರೆ ಹೈಟ್ ಸೆನ್ಸರಿನ ಕಡ್ಡಿ ತುಕ್ಕು ಹಿಡಿದಿದೆಯೇ ನೋಡಿಸಿ.

ಕಾಯಿಲ್ ಸ್ಪ್ರಿಂಗಿಗೆ ಬದಲಾಯಿಸಿದರೆ ಸೋರಿಕೆಯ ಕಾಟ ತಪ್ಪುತ್ತದೆ. ಎತ್ತರ ಬದಲಿಸುವ, ಭಾರ ಹೇರಿದಾಗ ಮಟ್ಟ ಕಾಯುವ ಸೌಲಭ್ಯವೂ ಅದರೊಂದಿಗೆ ಹೋಗುತ್ತದೆ. ಹತ್ತು ವರ್ಷ ದಾಟಿದ ಗಾಡಿಗೆ ಅದು ತಪ್ಪು ನಿರ್ಧಾರವೇನಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿಯನ್ನು ಬೆಳಿಗ್ಗೆ, ಯಾರೂ ಸ್ಟಾರ್ಟ್ ಮಾಡುವ ಮೊದಲೇ ನೋಡಲಿ. ಕಂಪ್ರೆಸರ್ ಬದಲಿಸಿದ ಹಳೆಯ ಬಿಲ್ ಇದ್ದರೆ ಅದರಲ್ಲಿ ರಿಲೇ ಇದೆಯೇ, ಡ್ರೈಯರ್ ಇದೆಯೇ, ಬೆಲ್ಲೋಸ್ ಅಥವಾ ಪೈಪಿನ ಕೆಲಸ ಬರೆದಿದೆಯೇ ಎಂದು ಓದಿ. ಕಂಪ್ರೆಸರ್ ಒಂದೇ ಇದ್ದರೆ ಸೋರಿಕೆ ಇನ್ನೂ ಅಲ್ಲೇ ಇರಬಹುದೆಂದು ತಿಳಿದೇ ಬೆಲೆ ಮಾತಾಡಿ.